ಬೆಂಗಳೂರಿನ ವ್ಯೋಮನೌಕೆಗಳು

ಭೂಮಿಯ ವಾಯುಮಂಡಲವನ್ನು ದಾಟಿ ಹೋಗಿ, ಅಲ್ಲೇ ಇದ್ದು ಕೆಲಸ ಮಾಡುವ ಯಂತ್ರಕ್ಕೆ ವ್ಯೋಮನೌಕೆ ಎಂದು ಹೆಸರು. ಭೂಮಿಯನ್ನು ಸುತ್ತುವ ಉಪಗ್ರಹ, ಚಂದ್ರನಿಗೋ ಮಂಗಳಕ್ಕೋ ಹೋಗುವ ಶೋಧನೌಕೆ, ಅಲ್ಲಿ ಇಳಿಯುವ ಲ್ಯಾಂಡರ್, ಇಳಿದ ಮೇಲೆ ಓಡಾಡುವ ರೋವರ್, ಮನುಷ್ಯರನ್ನು ಹೊತ್ತೊಯ್ಯುವ ಕೋಶ ಎಲ್ಲವೂ ಈ ಹೆಸರಿನಡಿ ಬರುತ್ತವೆ. ಇವನ್ನು ಮೇಲಕ್ಕೆ ಒಯ್ಯುವ ರಾಕೆಟ್ ಬೇರೆ. ಉಪಗ್ರಹವೊಂದನ್ನು ಕೆಳಕಕ್ಷೆಗೆ ಸೇರಿಸುವ ರಾಕೆಟ್ಟಿನ ಕೆಲಸ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ನೌಕೆಯ ಆಯುಷ್ಯ ಶುರುವಾಗುವುದು ಆಮೇಲೆ. ಅದು ಕೆಲವೊಮ್ಮೆ ಐದು ದಿನ, ಕೆಲವೊಮ್ಮೆ ಹದಿನೈದು ವರ್ಷ.

ಭಾರತದಲ್ಲಿ ಈ ಕೆಲಸಗಳು ಊರೂರಿಗೆ ಹಂಚಿಹೋಗಿವೆ. ರಾಕೆಟ್ಟಿನ ವಿನ್ಯಾಸ ತಿರುವನಂತಪುರದಲ್ಲಿ, ಎಂಜಿನ್‌ಗಳ ಪರೀಕ್ಷೆ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ, ಉಡಾವಣೆ ಆಂಧ್ರದ ಶ್ರೀಹರಿಕೋಟದಲ್ಲಿ, ಉಪಗ್ರಹಗಳ ಕ್ಯಾಮೆರಾ ಮತ್ತು ಸಂಪರ್ಕ ಉಪಕರಣಗಳಲ್ಲಿ ಹೆಚ್ಚಿನವು ಅಹಮದಾಬಾದಿನಲ್ಲಿ. ನೌಕೆಯನ್ನು ಒಟ್ಟುಗೂಡಿಸುವುದು, ಪರೀಕ್ಷಿಸುವುದು, ಹಾರಿಹೋದ ಮೇಲೆ ಅದರ ಮಾತು ಕೇಳಿ ಅದಕ್ಕೆ ಆದೇಶ ಕೊಡುವುದು ಬೆಂಗಳೂರಿನ ಪಾಲಿಗೆ ಬಂದಿದೆ. ಟೀವಿಯಲ್ಲಿ ನಾವು ನೋಡುವುದು ಶ್ರೀಹರಿಕೋಟದ ಬೆಂಕಿ ಮತ್ತು ಹೊಗೆ. ಒಂದು ನೌಕೆ ಬದುಕುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಬಹುಪಾಲು ಅದಕ್ಕೆ ಮುಂಚಿನ ಪರೀಕ್ಷೆಗಳೂ ಆನಂತರದ ಕಾವಲೂ ತೀರ್ಮಾನಿಸುತ್ತವೆ. ಆ ಕಾರಣಕ್ಕೆ ಈ ಲೇಖನ ಉಡಾವಣೆಗಳ ಪಟ್ಟಿಗಿಂತ ಕಟ್ಟುವ, ಕಾಯುವ ಕೆಲಸಕ್ಕೆ ಹೆಚ್ಚು ಜಾಗ ಕೊಡುತ್ತದೆ.

ಬೆಂಗಳೂರಿಗೆ ಬಂದದ್ದು

ಭಾರತದ ಬಾಹ್ಯಾಕಾಶ ಕಾರ್ಯಕ್ರಮ ಹುಟ್ಟಿದ್ದು ಬೆಂಗಳೂರಿನಲ್ಲಲ್ಲ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ಶೋಧಕ ರಾಕೆಟ್ ಹಾರಿತು. ಆ ಕಾರ್ಯಕ್ರಮವನ್ನು ಕಟ್ಟಿದ ವಿಕ್ರಮ್ ಸಾರಾಭಾಯಿ ಅವರ ಕೇಂದ್ರಸ್ಥಾನ ಅಹಮದಾಬಾದ್. ರಾಕೆಟ್ಟಿನ ಮೂತಿಯ ಶಂಕುವನ್ನು ಸೈಕಲ್ ಮೇಲೆ ಒಯ್ಯುತ್ತಿರುವ ತುಂಬಾದ ಪ್ರಸಿದ್ಧ ಚಿತ್ರವನ್ನು ತೆಗೆದವರು ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸ್ಸೋನ್. ಅದರಲ್ಲಿರುವ ಎಂಜಿನಿಯರ್ ಸಿ.ಆರ್. ಸತ್ಯ ಕನ್ನಡಿಗರು, ಮುಂದೆ ಕನ್ನಡದ ಲೇಖಕರಾಗಿಯೂ ಹೆಸರಾದರು.

1971ರ ಡಿಸೆಂಬರ್ 30ರಂದು ಸಾರಾಭಾಯಿ ಹಠಾತ್ತನೆ ತೀರಿಕೊಂಡರು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ, ರಜೆಯಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿದ್ದ ಸತೀಶ್ ಧವನ್ ಅವರನ್ನು ಪ್ರಧಾನಿ ಇಂದಿರಾ ಗಾಂಧಿ ಇಸ್ರೋದ ಹೊಣೆಗೆ ಕರೆದರು. ಧವನ್ ಒಪ್ಪಿದರು, ಆದರೆ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ಬಿಡುವುದಿಲ್ಲ, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬ ಷರತ್ತುಗಳನ್ನು ಇಟ್ಟರು. ಎರಡೂ ನಡೆದವು. ಊರಿನಲ್ಲಿ ಆಗಲೇ ಹಿಂದೂಸ್ತಾನ್ ಏರೋನಾಟಿಕ್ಸ್, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಭಾರತ್ ಎಲೆಕ್ಟ್ರಾನಿಕ್ಸ್ ಇದ್ದವು. ಲೋಹ ಕೊರೆಯಲು, ಸರ್ಕ್ಯೂಟ್ ಬೆಸೆಯಲು, ವಿಮಾನದ ಭಾಗ ಪರೀಕ್ಷಿಸಲು ತಿಳಿದ ಕೈಗಳು ಸಿಗುತ್ತಿದ್ದವು. ಒಬ್ಬ ಮನುಷ್ಯನ ಷರತ್ತು ಮತ್ತು ಒಂದು ಊರಿನ ಕಸುಬು ಎರಡೂ ಕೂಡಿಬಂದದ್ದರಿಂದ ಈ ಉದ್ಯಮ ಇಲ್ಲಿ ಬೇರುಬಿಟ್ಟಿತು.

ಇದಕ್ಕೂ ಹಿಂದೆ ಈ ನಾಡು ರಾಕೆಟ್ಟಿಗೆ ಹೆಸರಾಗಿತ್ತು. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುತ್ತಿದ್ದ ರಾಕೆಟ್ಟುಗಳು 1780ರ ಪೊಲ್ಲಿಲೂರು ಕದನದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದವು; 1799ರ ನಂತರ ಅವುಗಳ ಮಾದರಿ ಇಂಗ್ಲೆಂಡಿಗೆ ಹೋಗಿ ವಿಲಿಯಂ ಕಾಂಗ್ರೀವ್ ಮಾಡಿದ ರಾಕೆಟ್ಟುಗಳಿಗೆ ಪ್ರೇರಣೆಯಾಯಿತು. ಬೆಂಗಳೂರಿನ ತಾರಾಮಂಡಲಪೇಟೆ ಅಂಥ ರಾಕೆಟ್ ತಯಾರಿಯ ಜಾಗವೆಂದು ಪ್ರತೀತಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್ಟುಗಳು ಹೊರಬಂದವು. ವಿಜ್ಞಾನಿ ರೊದ್ದಂ ನರಸಿಂಹ ಈ ಇತಿಹಾಸವನ್ನು ಆಳವಾಗಿ ಅಭ್ಯಾಸ ಮಾಡಿ ಬರೆದಿದ್ದಾರೆ. ಆದರೆ ಟಿಪ್ಪುವಿನ ರಾಕೆಟ್ಟಿನಿಂದ ಇಸ್ರೋವರೆಗೆ ನೇರ ಗೆರೆ ಎಳೆಯುವುದು ಸರಿಯಲ್ಲ. ನಡುವೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಖಾಲಿ ಇದೆ, ಆ ಕಸುಬಿನ ಪರಂಪರೆ ಕಡಿದುಹೋಗಿತ್ತು.

ಪೀಣ್ಯದ ಶೆಡ್ಡುಗಳು

ಉಡುಪಿ ಬಳಿಯ ಅದಮಾರಿನಲ್ಲಿ 1932ರ ಮಾರ್ಚ್ 10ರಂದು ಹುಟ್ಟಿದ ಉಡುಪಿ ರಾಮಚಂದ್ರ ರಾವ್ ಅವರು ಸಾರಾಭಾಯಿ ಕೈಕೆಳಗೆ ವಿಶ್ವಕಿರಣಗಳ ಮೇಲೆ ಪಿಎಚ್‌.ಡಿ. ಮಾಡಿ, ಅಮೆರಿಕದ ಎಂಐಟಿಯಲ್ಲೂ ಟೆಕ್ಸಸ್‌ನಲ್ಲೂ ದುಡಿದು ಮರಳಿದ್ದವರು. ನಾಸಾದ ನೌಕೆಗಳಲ್ಲಿ ತಮ್ಮ ಉಪಕರಣ ಇಟ್ಟು ಅನುಭವವಿದ್ದ ಕೆಲವೇ ಭಾರತೀಯರಲ್ಲಿ ಅವರೊಬ್ಬರು. ಭಾರತದ ಮೊದಲ ಉಪಗ್ರಹದ ಹೊಣೆ ಅವರ ಹೆಗಲಿಗೆ ಬಂತು. 1972ರ ಮೇ 10ರಂದು ಸೋವಿಯತ್ ವಿಜ್ಞಾನ ಅಕಾಡೆಮಿಯೊಂದಿಗೆ ಒಪ್ಪಂದವಾಯಿತು: ಉಪಗ್ರಹವನ್ನು ಭಾರತ ಕಟ್ಟಬೇಕು, ಸೋವಿಯತ್ ರಾಕೆಟ್ ಹಾರಿಸಿಕೊಡುತ್ತದೆ.

ಕಟ್ಟಲು ಕಟ್ಟಡವಿರಲಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕಲ್ನಾರು ಶೀಟಿನ ಚಾವಣಿಯ ನಾಲ್ಕು ಶೆಡ್ಡುಗಳನ್ನು ಹಿಡಿದು, ಅವುಗಳಲ್ಲೇ ಧೂಳಿಲ್ಲದ ಶುಭ್ರಕೊಠಡಿ, ಉಷ್ಣ-ನಿರ್ವಾತ ಕೊಠಡಿ, ಕಂಪನ ಪರೀಕ್ಷೆಯ ಏರ್ಪಾಟುಗಳನ್ನು ಮಾಡಿಕೊಂಡರು. ತಂಡದಲ್ಲಿದ್ದವರು ಬಹುಪಾಲು ಇಪ್ಪತ್ತರ ಹರೆಯದವರು. ಉಪಗ್ರಹವನ್ನು ಕಣ್ಣಾರೆ ಕಂಡವರೇ ಅವರಲ್ಲಿ ವಿರಳ. ಇದನ್ನು ಕೇವಲ ಬಡತನದ ವೀರಗಾಥೆಯಾಗಿ ಹೇಳಿದರೆ ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ರಾವ್ ಅವರು ಮೊದಲ ಉಪಗ್ರಹವನ್ನು ಸಣ್ಣದಾಗಿ, ಸರಳವಾಗಿ ಮಾಡಿ ಮುಗಿಸಬಹುದಾಗಿತ್ತು. ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ 84 ಕೆ.ಜಿ., ಅಮೆರಿಕದ ಎಕ್ಸ್‌ಪ್ಲೋರರ್ 14 ಕೆ.ಜಿ. ತೂಗುತ್ತಿತ್ತು. ಅವರು ಕಟ್ಟಿಸಿದ್ದು 360 ಕೆ.ಜಿ.ಯ, 26 ಮುಖಗಳ, ಕ್ಷಕಿರಣ ಖಗೋಳ, ಸೂರ್ಯ ಮತ್ತು ಮೇಲ್ವಾಯುಮಂಡಲ ಹೀಗೆ ಮೂರು ವಿಷಯಗಳ ಪ್ರಯೋಗ ಹೊತ್ತ ನೌಕೆ. ಮುಂದೆ ಬೇಕಾಗುವ ಪ್ರತಿಯೊಂದು ವಿದ್ಯೆಯನ್ನೂ ಈ ಒಂದರಲ್ಲೇ ಕಲಿತುಬಿಡಬೇಕು ಎಂಬುದು ಅದರ ಹಿಂದಿನ ಎಣಿಕೆ.

ಹೆಸರಿಗೆ ಮೂರು ಸೂಚನೆಗಳು ಹೋಗಿದ್ದವು. ಇಂದಿರಾ ಗಾಂಧಿ ಆರಿಸಿದ್ದು 'ಆರ್ಯಭಟ'. 1975ರ ಏಪ್ರಿಲ್ 19ರಂದು ಕಪೂಸ್ತಿನ್ ಯಾರ್‌ನಿಂದ ಅದು ಮೇಲೇರಿತು. ಬೆಂಗಳೂರಿನಲ್ಲಿ ಜಾಗ ಸಾಲದೆ ಶೌಚಾಲಯವೊಂದನ್ನೇ ಸಂಕೇತ ಸ್ವೀಕರಿಸುವ ಕೋಣೆಯಾಗಿ ಮಾಡಿಕೊಂಡಿದ್ದರೆಂದು ರಾವ್ ಮುಂದೆ ನೆನೆದುಕೊಂಡಿದ್ದಾರೆ. ಐದನೆಯ ದಿನದ ಹೊತ್ತಿಗೆ ಪ್ರಯೋಗಗಳಿಗೆ ವಿದ್ಯುತ್ ಒದಗಿಸುವ ವ್ಯವಸ್ಥೆ ಕೆಟ್ಟಿತು, ಮೂರೂ ಪ್ರಯೋಗಗಳು ನಿಂತವು. ಉಪಗ್ರಹದ ಉಳಿದ ಭಾಗ ಮಾತ್ರ ಸಂಕೇತ ಕಳಿಸುತ್ತ ಉಳಿಯಿತು. ಅದು ವಾಯುಮಂಡಲಕ್ಕೆ ಬಿದ್ದು ಉರಿದದ್ದು 1992ರ ಫೆಬ್ರುವರಿಯಲ್ಲಿ. ವಿಜ್ಞಾನದ ಫಲ ಕಡಿಮೆಯೇ. ಕಲಿಕೆಯ ಲೆಕ್ಕದಲ್ಲಿ ಅದರಷ್ಟು ಕೊಟ್ಟ ನೌಕೆ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ: ಮುಂದಿನ ಇಪ್ಪತ್ತು ವರ್ಷ ಭಾರತದ ಉಪಗ್ರಹಗಳನ್ನು ಮುನ್ನಡೆಸಿದವರಲ್ಲಿ ಹಲವರು ಆ ಶೆಡ್ಡುಗಳಿಂದ ಬಂದವರು. ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಬಹುಕಾಲ ಇದ್ದ ಚಿತ್ರ ಈ ಆರ್ಯಭಟದ್ದೇ.

ಅದರ ಬೆನ್ನಿಗೆ 1979ರ ಜೂನ್ 7ರಂದು ಭಾಸ್ಕರ-1, 1981ರ ಜೂನ್ 19ರಂದು ದಕ್ಷಿಣ ಅಮೆರಿಕದ ಕೌರೂನಿಂದ ಏರಿಯಾನ್ ರಾಕೆಟ್ಟಿನಲ್ಲಿ 'ಆ್ಯಪಲ್' ಹಾರಿದವು. ಆ್ಯಪಲ್ ಭಾರತ ಕಟ್ಟಿದ ಮೊದಲ ಸಂಪರ್ಕ ಉಪಗ್ರಹ. ಎತ್ತಿನ ಗಾಡಿಯ ಮೇಲೆ ಕೂತ ಅದರ ಚಿತ್ರವನ್ನು ನೋಡದವರಿಲ್ಲ, ಅದನ್ನು ತಪ್ಪಾಗಿ ಓದುವವರೂ ಬಹಳ. ಉಪಗ್ರಹದ ಆಂಟೆನಾ ಪರೀಕ್ಷಿಸುವಾಗ ಸುತ್ತ ಲೋಹವಿದ್ದರೆ ರೇಡಿಯೋ ಅಲೆಗಳು ಅದಕ್ಕೆ ತಾಗಿ ಚದುರಿ ಅಳತೆ ಕೆಡುತ್ತದೆ. ಲಾರಿಯ ಒಡಲು ಲೋಹದ್ದು. ಮರದ ಗಾಡಿಯಲ್ಲಿ ಆ ತೊಡಕಿಲ್ಲ. ಪರೀಕ್ಷೆಗೆ ಸರಿಹೊಂದುವ ವೇದಿಕೆ ಪೇಟೆಯಲ್ಲಿ ಬಾಡಿಗೆಗೆ ಸಿಕ್ಕಿತು, ಅಷ್ಟೆ. ಕಕ್ಷೆಯಲ್ಲಿ ಆ್ಯಪಲ್‌ನ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲಿಲ್ಲ. ಅರ್ಧ ವಿದ್ಯುತ್ತಿನಲ್ಲಿ, ಒಂದು ಕಡೆ ಬಿಸಿಲಿಗೆ ಕಾಯುತ್ತಿದ್ದ ಆ ನೌಕೆಯನ್ನು ಆರ್.ಎಂ. ವಾಸಗಂ ಅವರ ತಂಡ ಎರಡು ವರ್ಷಕ್ಕೂ ಮಿಕ್ಕಿ ನಡೆಸಿತು.

1988ರ ಮಾರ್ಚ್ 17ರಂದು ಬೈಕನೂರಿನಿಂದ ಹೋದ ಐಆರ್‌ಎಸ್-1ಎ ಭೂಮಿಯ ಬೆಳೆ, ಕಾಡು, ನೀರನ್ನು ಚಿತ್ರಿಸುವ ಉಪಗ್ರಹಗಳ ಸಾಲನ್ನು ಆರಂಭಿಸಿತು. 1992ರ ಇನ್ಸಾಟ್-2ಎಯಿಂದ ದೊಡ್ಡ ಸಂಪರ್ಕ ಉಪಗ್ರಹಗಳೂ ಇಲ್ಲೇ ತಯಾರಾದವು. ಭೂಸ್ಥಿರ ಕಕ್ಷೆಯ ಉಪಗ್ರಹಗಳ ನಿಗಾ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದ್ದು. ನಮ್ಮ ಮನೆಗಳ ಡಿಶ್ ಟೀವಿಗೆ ಚಿತ್ರ ಕಳಿಸುವ ದೇಶೀ ಉಪಗ್ರಹ ತನ್ನ ಜಾಗದಿಂದ ಜರುಗದಂತೆ ನೋಡಿಕೊಳ್ಳುವವರು ಹಾಸನ ಮತ್ತು ಭೋಪಾಲದ ಎಂಜಿನಿಯರುಗಳು.

ಕಟ್ಟುವುದು, ಕಾಡುವುದು

ಪೀಣ್ಯದ ಶೆಡ್ಡಿನಿಂದ ಉಪಗ್ರಹ ಕೇಂದ್ರ 1980ರ ದಶಕದಲ್ಲಿ ಹಳೆ ವಿಮಾನ ನಿಲ್ದಾಣ ರಸ್ತೆಯ ವಿಮಾನಪುರಕ್ಕೆ ಬಂತು. 2018ರ ಏಪ್ರಿಲ್‌ನಿಂದ ಅದರ ಹೆಸರು ಯು.ಆರ್. ರಾವ್ ಉಪಗ್ರಹ ಕೇಂದ್ರ; ರಾವ್ ಅವರು 2017ರ ಜುಲೈ 24ರಂದು ಬೆಂಗಳೂರಿನಲ್ಲಿ ನಿಧನರಾಗಿದ್ದರು. ದೊಡ್ಡ ನೌಕೆಗಳ ಜೋಡಣೆ, ಪರೀಕ್ಷೆಗೆ ಮಾರತ್ತಹಳ್ಳಿ ಬಳಿ ಇನ್ನೊಂದು ಆವರಣವಿದೆ.

ಒಂದು ನೌಕೆಯ ಒಳಗೆ ಏನಿರುತ್ತದೆ? ಜೇನುಗೂಡಿನ ಹೆಣಿಗೆಯ ಹಗುರ ಅಲ್ಯುಮಿನಿಯಂ ಫಲಕಗಳ ಚೌಕಟ್ಟು, ವಿದ್ಯುತ್ತಿಗೆ ಸೌರಫಲಕ ಮತ್ತು ಬ್ಯಾಟರಿ, ಯಾವ ಕಡೆ ಮುಖಮಾಡಿದ್ದೇನೆಂದು ತಿಳಿಯಲು ನಕ್ಷತ್ರ ನೋಡುವ ಸಂವೇದಕ, ಆ ಮುಖವನ್ನು ತಿರುಗಿಸಲು ಒಳಗೇ ಗಿರಗಿರನೆ ಸುತ್ತುವ ಚಕ್ರಗಳು, ಕಕ್ಷೆ ಬದಲಿಸಲು ಸಣ್ಣ ಎಂಜಿನ್‌ಗಳು, ಗಣಕ, ರೇಡಿಯೋ, ಕೊನೆಯಲ್ಲಿ ಇಷ್ಟೆಲ್ಲ ಯಾವುದಕ್ಕಾಗಿಯೋ ಆ ಕ್ಯಾಮೆರಾ ಅಥವಾ ಉಪಕರಣ. ನಕ್ಷತ್ರ ಸಂವೇದಕದಂಥ ದೃಗ್ಯಂತ್ರಗಳು ಪೀಣ್ಯದ ಲಿಯೋಸ್ ಪ್ರಯೋಗಾಲಯದಲ್ಲಿ ತಯಾರಾಗುತ್ತವೆ.

ಇವನ್ನು ಜೋಡಿಸುವುದು ಅರ್ಧ ಕೆಲಸ. ಇನ್ನರ್ಧ, ಜೋಡಿಸಿದ್ದನ್ನು ಬೇಕೆಂದೇ ಕಾಡುವುದು. ಕಕ್ಷೆಯಲ್ಲಿ ಬಿಸಿಲು ಬಿದ್ದ ಮೈ ನೂರು ಡಿಗ್ರಿ ಸೆಲ್ಸಿಯಸ್ ಮೀರಬಹುದು, ನೆರಳಿನ ಮೈ ಸೊನ್ನೆಗಿಂತ ನೂರು ಡಿಗ್ರಿ ಕೆಳಗಿಳಿಯಬಹುದು. ಶಾಖವನ್ನು ಒಯ್ಯಲು ಗಾಳಿಯಿಲ್ಲ. ಹೊಳೆಯುವ ಹಳದಿ ಹಾಳೆಯ ಹಲವು ಪದರಗಳನ್ನು ಹೊದಿಸುವುದು ಇದಕ್ಕಾಗಿಯೇ. ಆ ಹೊದಿಕೆ ಸರಿಯಿದೆಯೇ ಎಂದು ತಿಳಿಯಲು ನೌಕೆಯನ್ನು ದೊಡ್ಡ ಉಕ್ಕಿನ ಕೊಠಡಿಯೊಳಗಿಟ್ಟು ಗಾಳಿ ಹೀರಿ, ದಿನಗಟ್ಟಲೆ ಒಮ್ಮೆ ಕಾಯಿಸಿ ಒಮ್ಮೆ ತಣಿಸುತ್ತಾರೆ. ರಾಕೆಟ್ ಏರುವಾಗಿನ ಅಲುಗಾಟವನ್ನು ಕಂಪನ ಮೇಜಿನ ಮೇಲೆ, ಅದರ ಭೋರ್ಗರೆತವನ್ನು ಧ್ವನಿ ಕೊಠಡಿಯಲ್ಲಿ ಮರುಸೃಷ್ಟಿಸುತ್ತಾರೆ. ಸಡಿಲಾಗುವ ತಿರುಪು ಕೆಳಗೇ ಸಡಿಲಾಗಲಿ ಎಂಬುದು ಇಲ್ಲಿಯ ನಿಯಮ. ಮೇಲೆ ಹೋದ ಮೇಲೆ ರಿಪೇರಿಗೆ ಯಾರೂ ಹೋಗುವಂತಿಲ್ಲ.

2025ರ ಜುಲೈ 30ರಂದು ಹಾರಿದ, ನಾಸಾ ಮತ್ತು ಇಸ್ರೋ ಜಂಟಿಯಾಗಿ ಮಾಡಿದ ನಿಸಾರ್ ಉಪಗ್ರಹ ಈ ವಿದ್ಯೆ ಎಲ್ಲಿಗೆ ಬಂದಿದೆ ಎಂಬುದಕ್ಕೆ ಸಾಕ್ಷಿ. ಅಮೆರಿಕದಲ್ಲಿ ಜೋಡಿಸಿದ ಅದರ ರಾಡಾರ್ ಭಾಗ 2023ರ ಮಾರ್ಚ್‌ನಲ್ಲಿ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಬೆಂಗಳೂರಿಗೆ ಬಂತು. ಸುಮಾರು 2,400 ಕೆ.ಜಿ.ಯ ನೌಕೆಯನ್ನು ಒಂದುಗೂಡಿಸಿ ಪರೀಕ್ಷಿಸಿದ್ದು ಇಲ್ಲಿ. ಕಕ್ಷೆಯಲ್ಲಿ ಬಿಚ್ಚಿಕೊಳ್ಳುವ ಅದರ ಪ್ರತಿಫಲಕದ ಅಡ್ಡಗಲ 12 ಮೀಟರ್.

ಕೇಳಿಸಿಕೊಳ್ಳುವ ಊರು: ಬ್ಯಾಲಾಳು

ನೌಕೆಗಳೊಡನೆ ಮಾತಾಡುವ ಹೊಣೆ ಪೀಣ್ಯದಲ್ಲಿರುವ ಇಸ್ಟ್ರಾಕ್ ಸಂಸ್ಥೆಯದು. ಭೂಮಿಯ ಹತ್ತಿರದ ನೌಕೆಗಳಿಗೆ ಸಾಧಾರಣ ಗಾತ್ರದ ಆಂಟೆನಾ ಸಾಕು. ಚಂದ್ರನವರೆಗೆ ಹೋದರೆ ಸಾಲದು. ನೌಕೆಯ ರೇಡಿಯೋ ದೂರ ಹೋದಷ್ಟೂ ಹರಡಿ, ಇಲ್ಲಿ ತಲುಪುವ ಶಕ್ತಿ ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ: ದೂರ ಹತ್ತುಪಟ್ಟಾದರೆ ಸಂಕೇತ ನೂರನೆಯ ಒಂದು ಪಾಲು. ಚಂದ್ರಯಾನ-1ರ ಸಲುವಾಗಿ ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳು ಹಳ್ಳಿಯಲ್ಲಿ 32 ಮೀಟರ್ ಅಡ್ಡಗಲದ ಆಂಟೆನಾವನ್ನು ಭಾರತದಲ್ಲೇ ಕಟ್ಟಿ ನಿಲ್ಲಿಸಲಾಯಿತು. ಸುತ್ತ ಏರು, ನಡುವೆ ತಗ್ಗು ಇರುವ ಜಾಗವನ್ನು ಹುಡುಕಿ ಆರಿಸಿದ್ದು ನಗರದ ರೇಡಿಯೋ ಗದ್ದಲ ಒಳಗೆ ಬಾರದಿರಲಿ ಎಂದು. 2008ರ ಅಕ್ಟೋಬರ್ 17ರಂದು ಅದರ ಉದ್ಘಾಟನೆ, 22ರಂದು ಚಂದ್ರಯಾನದ ಉಡಾವಣೆ.

ಎಂ. ಅಣ್ಣಾದುರೈ ನೇತೃತ್ವದ ಆ ಯಾನದಲ್ಲಿ 11 ಉಪಕರಣಗಳಿದ್ದವು. ನವೆಂಬರ್ 14ರಂದು ತ್ರಿವರ್ಣ ಬಳಿದ ಪುಟ್ಟ ಶೋಧಕ ಚಂದ್ರನ ಮೇಲೆ ಬಿತ್ತು; ಅಮೆರಿಕದ ಉಪಕರಣದ ಮಾಹಿತಿಯಿಂದ ಚಂದ್ರನ ಮಣ್ಣಿನಲ್ಲಿ ನೀರಿನ ಕುರುಹು ಇದೆಯೆಂದು 2009ರ ಸೆಪ್ಟೆಂಬರ್‌ನಲ್ಲಿ ಜಗತ್ತಿಗೆ ತಿಳಿಯಿತು. ಅಷ್ಟರಲ್ಲಿ ನೌಕೆ ಮೌನವಾಗಿತ್ತು. ಎರಡು ವರ್ಷ ಬಾಳಬೇಕಿದ್ದದ್ದು ಹತ್ತು ತಿಂಗಳಿಗೆ, 2009ರ ಆಗಸ್ಟ್ ಕೊನೆಯಲ್ಲಿ ನಿಂತಿತು. ಅದರ ನಕ್ಷತ್ರ ಸಂವೇದಕಗಳು ಅದಕ್ಕೂ ತಿಂಗಳುಗಳ ಮುಂಚೆಯೇ ಕೆಟ್ಟಿದ್ದವು. ಗೈರೋಗಳ ನೆರವಿನಿಂದ, ಕಕ್ಷೆಯನ್ನು 100ರಿಂದ 200 ಕಿ.ಮೀ.ಗೆ ಏರಿಸಿ, ಕುರುಡಾದ ನೌಕೆಯಿಂದಲೂ ಕೆಲಸ ತೆಗೆದರು. ಯಶಸ್ಸಿನ ಕಥೆಗಳಲ್ಲಿ ಸುಲಭವಾಗಿ ಮರೆತುಹೋಗುವ ಈ ತಿಂಗಳುಗಳೇ ಮಂಗಳಯಾನದ ಶಾಲೆ.

2013ರ ನವೆಂಬರ್ 5ರಂದು ಹೊರಟ ಮಂಗಳಯಾನದ ವೆಚ್ಚ ಸುಮಾರು 450 ಕೋಟಿ ರೂ. ಅದರ ಅಗ್ಗದ ಬಗ್ಗೆ ಎಲ್ಲರೂ ಮಾತಾಡಿದರು. ಮೆಚ್ಚಬೇಕಾದ ನಿಜವಾದ ಸಂಗತಿ ಅದರ ಸ್ವಾವಲಂಬನೆ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ನೌಕೆ ಮಂಗಳದ ಹತ್ತಿರ ಬಂದಾಗ ಅದು 22 ಕೋಟಿ ಕಿ.ಮೀ. ದೂರದಲ್ಲಿತ್ತು, ಬೆಂಗಳೂರಿನ ಮಾತು ಅಲ್ಲಿಗೆ ತಲುಪಲು 12 ಮಿನಿಟು, ಉತ್ತರ ಬರಲು ಮತ್ತೆ 12. ವೇಗ ತಗ್ಗಿಸಲು ಎಂಜಿನ್ ಸುಮಾರು 24 ಮಿನಿಟು ಉರಿಯಬೇಕು. ತಪ್ಪಾದರೆ ತಿದ್ದಲು ಸಮಯವೇ ಇಲ್ಲ. ಸಾಲದ್ದಕ್ಕೆ ಆ ಹೊತ್ತಿನ ಬಹುಭಾಗ ನೌಕೆ ಮಂಗಳದ ಮರೆಯಲ್ಲಿರುತ್ತಿತ್ತು. ಹಾಗಾಗಿ ಆದೇಶಗಳನ್ನೆಲ್ಲ ಹತ್ತು ದಿನ ಮುಂಚೆಯೇ ಅದರ ಗಣಕಕ್ಕೆ ತುಂಬಿ, ಉಳಿದದ್ದನ್ನು ನೌಕೆಯ ಬುದ್ಧಿಗೇ ಬಿಟ್ಟಿದ್ದರು. ಸುಮಾರು ಹತ್ತು ತಿಂಗಳು ಸುಮ್ಮನಿದ್ದ ಎಂಜಿನ್ ಮತ್ತೆ ಹೊತ್ತೀತೇ ಎಂಬ ಅಳುಕಿತ್ತು. ಎರಡು ದಿನ ಮುಂಚೆ ನಾಲ್ಕು ಸೆಕೆಂಡು ಉರಿಸಿ ನೋಡಿದ್ದರು. ಎಂಟು ಗಂಟೆಯ ಸುಮಾರಿಗೆ ಮರೆಯಿಂದ ಹೊರಬಂದ ಸಂಕೇತ ಪೀಣ್ಯವನ್ನು ತಲುಪಿತು. ಆ ದಿನ ಸೀರೆಯುಟ್ಟ ಮಹಿಳೆಯರು ನಗುತ್ತ ಒಬ್ಬರನ್ನೊಬ್ಬರು ಅಭಿನಂದಿಸುತ್ತಿದ್ದ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಆರು ತಿಂಗಳಿಗೆಂದು ಕಟ್ಟಿದ ನೌಕೆ 2022ರವರೆಗೆ ಸಂಪರ್ಕದಲ್ಲಿತ್ತು.

ಚಂದ್ರನ ನೆಲ ಮತ್ತು ಚಳ್ಳಕೆರೆ

ಚಂದ್ರಯಾನ-2ರ ಲ್ಯಾಂಡರ್ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ನೆಲ ಇನ್ನೆರಡು ಕಿ.ಮೀ. ಇರುವಾಗ ಸಂಪರ್ಕ ಕಳೆದುಕೊಂಡಿತು. ಅದರ ಆರ್ಬಿಟರ್ ಮಾತ್ರ ಉಳಿದು ಚಂದ್ರನನ್ನು ಸುತ್ತುತ್ತ ಬಂದಿದೆ. ಮುಂದಿನ ನಾಲ್ಕು ವರ್ಷ ನಡೆದದ್ದು ಸೋಲಿನ ಕೂಲಂಕಷ ಓದು. ಏನೇನು ಕೆಡಬಹುದೆಂದು ಮೊದಲು ಪಟ್ಟಿಮಾಡಿ, ಕೆಟ್ಟರೂ ಇಳಿಯುವಂತೆ ವಿನ್ಯಾಸ ಬದಲಿಸಿದರು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು, ಐದು ಎಂಜಿನ್ ನಾಲ್ಕಾದವು, ಇಳಿಯಬಹುದಾದ ಪ್ರದೇಶ ಅರ್ಧ ಕಿ.ಮೀ. ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು.

ಇದರಲ್ಲಿ ಚಿತ್ರದುರ್ಗ ಜಿಲ್ಲೆಯ ಪಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಗುಂಡಿ ತೋಡಿ, ಮೇಲಿನಿಂದ ಹಾರುತ್ತ ಲ್ಯಾಂಡರಿನ ಸಂವೇದಕಗಳು ಅವನ್ನು ಗುರುತಿಸುತ್ತವೆಯೇ ಎಂದು ಪರೀಕ್ಷಿಸಿದರು. ಇನ್ನು ಬೆಂಗಳೂರಿನ ಪರೀಕ್ಷಾ ಅಂಗಳಕ್ಕೆ ಬೇಕಾದ ಚಂದ್ರನ ಮಣ್ಣಿಗೆ ತಮಿಳುನಾಡಿನ ನಾಮಕ್ಕಲ್ ಸೀಮೆಯ ಅನಾರ್ಥೊಸೈಟ್ ಶಿಲೆಯನ್ನು ಪುಡಿಮಾಡಿ ತಂದರು.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಪಿ. ವೀರಮುತ್ತುವೇಲ್ ಅವರ ತಂಡದ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ, ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇಳಿಯಿತು. ಅದನ್ನು ನೋಡಿಕೊಂಡ ಕೋಣೆಯೂ ಪೀಣ್ಯದ್ದೇ. 26 ಕೆ.ಜಿ.ಯ ಪ್ರಜ್ಞಾನ್ ರೋವರ್ ಮೇಲಿದ್ದ, ಲಿಯೋಸ್ ತಯಾರಿಸಿದ ಲೇಸರ್ ಉಪಕರಣ ಆ ಮಣ್ಣಿನಲ್ಲಿ ಗಂಧಕವಿದೆಯೆಂದು ಹೇಳಿತು.

ಕೋರಮಂಗಲದ ದೂರದರ್ಶಕಗಳು

ಬಿಟಿಎಂ ಲೇಔಟಿನ ನೆರೆಯಲ್ಲೇ, ಕೋರಮಂಗಲ ಎರಡನೆಯ ಬ್ಲಾಕಿನಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ನೌಕೆಯ ಅತಿನೇರಳೆ ದೂರದರ್ಶಕವನ್ನೂ, ಆದಿತ್ಯ-ಎಲ್1ರ ಮುಖ್ಯ ಉಪಕರಣವಾದ ಸೂರ್ಯಕಿರೀಟ ದರ್ಶಕವನ್ನೂ ಈ ಸಂಸ್ಥೆ ತನ್ನ ಹೊಸಕೋಟೆ ಆವರಣದಲ್ಲಿ ಕಟ್ಟಿತು. ಸೂರ್ಯನ ಸುತ್ತಲ ಕಿರೀಟ ಸೂರ್ಯಬಿಂಬಕ್ಕಿಂತ ಲಕ್ಷಾಂತರ ಪಟ್ಟು ಮಂಕು. ಗ್ರಹಣವಿಲ್ಲದಾಗ ಕಾಣುವುದೇ ಇಲ್ಲ. ಉಪಕರಣ ತನ್ನೊಳಗೇ ಬಿಂಬವನ್ನು ಮರೆಮಾಡಿ ಸದಾಕಾಲದ ಗ್ರಹಣವೊಂದನ್ನು ಮಾಡಿಕೊಳ್ಳಬೇಕು. ಕನ್ನಡಿಯ ಮೇಲೆ ಕಣ್ಣಿಗೆ ಕಾಣದ ಧೂಳಿನ ಕಣ ಕೂತರೂ ಚದುರಿದ ಬೆಳಕು ಕಿರೀಟವನ್ನು ನುಂಗುತ್ತದೆ. ಈ ಶುಭ್ರತೆಯನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದವರ ತಾಳ್ಮೆ ದೊಡ್ಡದು. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ತನ್ನ ಜಾಗ ಸೇರಿತು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನಲ್ಲಿದ್ದ ಕ್ಷಕಿರಣ ಧ್ರುವೀಕರಣ ಮಾಪಕ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯದು.

ಮನುಷ್ಯರ ಯಾನ, ಖಾಸಗಿಯವರು

ಗಗನಯಾನದ ಹೊಣೆ ಹೊತ್ತ ಮಾನವ ಬಾಹ್ಯಾಕಾಶ ಯಾನ ಕೇಂದ್ರವೂ ಗಗನಯಾತ್ರಿಗಳ ತರಬೇತಿ ಕೇಂದ್ರವೂ ಬೆಂಗಳೂರಿನಲ್ಲಿವೆ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯದ ತಿನಿಸು ಅವರ ಜೊತೆ ಹೋಗಿತ್ತು. 2025ರ ಜೂನ್ 25ರಂದು ಹೊರಟ ಗಗನಯಾತ್ರಿ ಶುಭಾಂಶು ಶುಕ್ಲಾ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅವರು ಮಾಡಿದ ಪ್ರಯೋಗಗಳಲ್ಲಿ ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು: ಹೆಸರುಕಾಳು ಮತ್ತು ಮೆಂತ್ಯವನ್ನು ಮೊಳಕೆ ಕಟ್ಟಿಸುವುದು. ದೂರದ ಯಾನಗಳಲ್ಲಿ ತಾಜಾ ಸೊಪ್ಪು ತರಕಾರಿ ಒಯ್ಯಲಾಗದು. ಕಾಳು ಕೆಡದೆ ಬಹಳ ಕಾಲ ಇರುತ್ತದೆ, ನೀರು ಸೋಕಿದರೆ ಎರಡು ಮೂರು ದಿನದಲ್ಲಿ ಹಸಿ ಆಹಾರವಾಗುತ್ತದೆ. ಆದ್ದರಿಂದ ಈ ಪ್ರಶ್ನೆ ಸಣ್ಣದಲ್ಲ.

ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಪಿಕ್ಸೆಲ್ 2025ರ ಜನವರಿಯಲ್ಲಿ ಭೂಮಿಯನ್ನು ನೂರಕ್ಕೂ ಹೆಚ್ಚು ವರ್ಣಪಟ್ಟೆಗಳಲ್ಲಿ ನೋಡುವ ಮೂರು ಉಪಗ್ರಹಗಳನ್ನು ಹಾರಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಅವೈಸ್ ಅಹಮದ್ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನವರು. ಬೆಲ್ಲಾಟ್ರಿಕ್ಸ್ ಉಪಗ್ರಹದ ಎಂಜಿನ್‌ಗಳನ್ನು ಮಾಡುತ್ತದೆ. 2025ರ ಜನವರಿ 16ರಂದು ಕಕ್ಷೆಯಲ್ಲಿ ಒಂದಕ್ಕೊಂದು ಜೋಡಿಕೊಂಡ ಸ್ಪೇಡೆಕ್ಸ್‌ನ ಎರಡು ನೌಕೆಗಳನ್ನು ಒಟ್ಟುಗೂಡಿಸಿದ್ದೂ ಬೆಂಗಳೂರಿನ ಖಾಸಗಿ ಸಂಸ್ಥೆಯ ಅಂಗಳದಲ್ಲಿ, ರಾವ್ ಕೇಂದ್ರದ ಮಾರ್ಗದರ್ಶನದಲ್ಲಿ.

ಬನಶಂಕರಿಯ ಉಪಗ್ರಹ

ಇಸ್ರೋದ ದೊಡ್ಡ ಕೇಂದ್ರಗಳೆಲ್ಲ ನಗರದ ಉತ್ತರಕ್ಕೂ ಪೂರ್ವಕ್ಕೂ ಇವೆ. ದಕ್ಷಿಣ ಬೆಂಗಳೂರಿನಲ್ಲಿರುವುದು ಆ ಕೆಲಸ ಮಾಡುವವರ ಮನೆಗಳು ಮತ್ತು ಮುಂದೆ ಮಾಡುವವರ ಕಾಲೇಜುಗಳು. ಕುಮಾರಸ್ವಾಮಿ ಲೇಔಟಿನ ಪಕ್ಕದ ಬಡಾವಣೆಯ ಹೆಸರೇ ಇಸ್ರೋ ಲೇಔಟ್. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆ ಸಾಮಾನ್ಯ ಜನರಿಗಾಗಿ ವಾರವಾರ ವಿಜ್ಞಾನ ಉಪನ್ಯಾಸ ನಡೆಸುತ್ತ ಬಂತು. ಹಾಸನ ಜಿಲ್ಲೆಯಿಂದ ಬಂದು 2015ರಿಂದ 2018ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದ ಎ.ಎಸ್. ಕಿರಣ್ ಕುಮಾರ್ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದಿದವರು. ಬನಶಂಕರಿ ಎರಡನೆಯ ಹಂತದ ವಿಜ್ಞಾನ ಭವನದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿದೆ. ಅದರ 'ಬಾಲವಿಜ್ಞಾನ' ಮಾಸಪತ್ರಿಕೆ ಹಳ್ಳಿ ಶಾಲೆಗಳಿಗೆ ಗ್ರಹ, ಉಪಗ್ರಹ, ರಾಕೆಟ್ಟುಗಳ ಸುದ್ದಿಯನ್ನು ಕನ್ನಡದಲ್ಲಿ ಮುಟ್ಟಿಸಿತು. ಇಂಗ್ಲಿಷ್ ಓದಲಾರದ ಮಗುವಿಗೆ ಕಕ್ಷೆ ಎಂದರೇನೆಂದು ತಿಳಿಸುವ ಈ ಕೆಲಸವನ್ನು ಬಾಹ್ಯಾಕಾಶ ಇತಿಹಾಸದ ಹೊರಗಿಡುವುದು ತಪ್ಪು.

ವಿದ್ಯಾರ್ಥಿಗಳ ಉಪಗ್ರಹಗಳಿಗೆ ದಾರಿ ತೆರೆದದ್ದರಲ್ಲಿ ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳು ಕೂಡಿ ಮಾಡಿದ ಸ್ಟಡ್‌ಸ್ಯಾಟ್‌ನ ಪಾಲು ದೊಡ್ಡದು. ಒಂದು ಕೆ.ಜಿ.ಗೂ ಕಡಿಮೆ ತೂಗುತ್ತಿದ್ದ ಅದು 2010ರ ಜುಲೈ 12ರಂದು ಹಾರಿತು. ಅದಾದ ಮೇಲೆ ಬನಶಂಕರಿ ಮೂರನೆಯ ಹಂತದ ವರ್ತುಲ ರಸ್ತೆಯಲ್ಲಿರುವ ಪಿಇಎಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಅಧ್ಯಾಪಕರೂ, ಇಸ್ರೋದಿಂದ ನಿವೃತ್ತರಾಗಿ ಬಂದ ಹಿರಿಯರ ಮಾರ್ಗದರ್ಶನದಲ್ಲಿ, ಪಿಸ್ಯಾಟ್ ಕಟ್ಟಿದರು. ತೂಕ 5.25 ಕೆ.ಜಿ.; ಭೂಮಿಯನ್ನು ಚಿತ್ರಿಸುವ ಕ್ಯಾಮೆರಾ. 2016ರ ಸೆಪ್ಟೆಂಬರ್ 26ರ ಬೆಳಗ್ಗೆ ಪಿಎಸ್‌ಎಲ್‌ವಿ-ಸಿ35 ರಾಕೆಟ್, ಸ್ಕ್ಯಾಟ್‌ಸ್ಯಾಟ್-1ರ ಜೊತೆ ಹೋದ ಏಳು ನೌಕೆಗಳಲ್ಲಿ ಒಂದಾಗಿ ಇದನ್ನು ಒಯ್ದು ಸುಮಾರು 700 ಕಿ.ಮೀ. ಎತ್ತರದ, ಧ್ರುವಗಳ ಮೇಲೆ ಹಾಯುವ ಕಕ್ಷೆಗೆ ಬಿಟ್ಟಿತು.

ಅದರ ನೆಲಠಾಣೆ ಕ್ಯಾಂಪಸ್ಸಿನೊಳಗೇ ಇತ್ತು. ಈ ಎತ್ತರದ ಉಪಗ್ರಹ ಭೂಮಿಯನ್ನು ಸುಮಾರು ನೂರು ಮಿನಿಟಿಗೊಮ್ಮೆ ಸುತ್ತಿದರೂ ಒಂದು ಊರಿನ ಬಾನಿನಲ್ಲಿ ದಿನಕ್ಕೆ ನಾಲ್ಕಾರು ಸಲ ಮಾತ್ರ ಮೂಡುತ್ತದೆ, ಪ್ರತಿ ಸಲ ಹೆಚ್ಚೆಂದರೆ ಹನ್ನೆರಡು ಹದಿಮೂರು ಮಿನಿಟು. ಅಷ್ಟರೊಳಗೆ ಆಂಟೆನಾ ಅದರ ಜಾಡು ಹಿಡಿದು ತಿರುಗಬೇಕು, ಬ್ಯಾಟರಿ ಹೇಗಿದೆ, ತಾಪ ಎಷ್ಟು, ಯಾವ ಕಡೆ ಮುಖ ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳಬೇಕು, ಮುಂದಿನ ಸುತ್ತಿಗೆ ಆದೇಶ ಕೊಡಬೇಕು. ತರಗತಿ, ಪರೀಕ್ಷೆಗಳ ವೇಳೆಗೆ ಅದು ಕಾಯುವುದಿಲ್ಲ. ಪೀಣ್ಯದಲ್ಲಿ ಇಸ್ರೋ ತಂಡ ಕಲಿತ ಪಾಠವನ್ನೇ ಬನಶಂಕರಿಯ ಹುಡುಗ ಹುಡುಗಿಯರು ಚಿಕ್ಕ ಅಳತೆಯಲ್ಲಿ, ತಮ್ಮದೇ ಯಂತ್ರದ ಮೇಲೆ ಕಲಿತರು. ವಿದ್ಯಾರ್ಥಿ ಉಪಗ್ರಹಗಳ ಬೆಲೆಯನ್ನು ಅವು ಕಳಿಸುವ ಚಿತ್ರಗಳಿಂದ ಅಳೆಯುವುದಕ್ಕಿಂತ ಹೀಗೆ ಅಳೆಯುವುದು ಸರಿ.

ಪೂರ್ತಿ ಉಪಗ್ರಹ ಕಟ್ಟಲಾಗದವರಿಗೆ ಈಗ ಇನ್ನೊಂದು ದಾರಿಯಿದೆ. ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತ ಉಪಗ್ರಹಗಳನ್ನು ಬಿಟ್ಟ ಮೇಲೆ ವ್ಯರ್ಥವಾಗಿ ಸುತ್ತುತ್ತಿತ್ತು. ಇಸ್ರೋ ಅದಕ್ಕೆ ಸೌರಫಲಕ, ಗಣಕ, ರೇಡಿಯೋ ಕೂಡಿಸಿ ಕೆಲವು ತಿಂಗಳ ಮಟ್ಟಿಗೆ ಪ್ರಯೋಗಗಳ ವೇದಿಕೆಯಾಗಿ ಮಾಡಿದೆ. 2024ರ ಡಿಸೆಂಬರ್ 30ರಂದು ಸ್ಪೇಡೆಕ್ಸ್ ಜೊತೆ ಹೋದ ಇಂಥ ವೇದಿಕೆಯಲ್ಲಿ 24 ಪ್ರಯೋಗಗಳಿದ್ದವು. ಅಲಸಂದೆ ಬೀಜ ಮೊಳೆತು ಎಲೆಬಿಟ್ಟದ್ದು ಅಲ್ಲೇ. ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಕಾಲೇಜಿನ ಹವ್ಯಾಸಿ ರೇಡಿಯೋ ಉಪಕರಣ ಅದರಲ್ಲಿತ್ತು. ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಆರ್‌ವಿಸ್ಯಾಟ್-1 ಕೂಡ ಇತ್ತು. ಮನುಷ್ಯನ ಕರುಳಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾ ತೂಕವಿಲ್ಲದ ಸ್ಥಿತಿಯಲ್ಲಿ ಹೇಗೆ ಬೆಳೆಯುತ್ತದೆ ಎಂಬುದನ್ನು ಅಳೆಯುವುದು ಅದರ ಕೆಲಸ. ತಿಂಗಳುಗಟ್ಟಲೆ ಕಕ್ಷೆಯಲ್ಲಿರುವ ಗಗನಯಾತ್ರಿಯ ಜೀರ್ಣಶಕ್ತಿ ಅಂಥ ಜೀವಿಗಳನ್ನು ನೆಚ್ಚಿಕೊಂಡಿದೆ.